ತುಳಸಿಕಟ್ಟೆ ಮುರಿದದ್ದು ಅಕ್ಕನಲ್ಲ

ಶಂಕರಪುರದ ಒಂದು ಮನೆಯ ತುಳಸಿಕಟ್ಟೆಗೆ ನನ್ನ ಅಕ್ಕ ಪಿಕಪ್ ಗುದ್ದಿಸಿ ಮುರಿದಳು ಎಂದು ಬೆಳ್ಮಣ್‌ನಿಂದ ಕಾಪುವಿನವರೆಗೆ ಇವತ್ತಿಗೂ ಹೇಳುವವರಿದ್ದಾರೆ. ಸ್ಟೇರಿಂಗ್ ಹಿಡಿದಿದ್ದವಳು ಅವಳು, ಅದು ನಿಜ. ಕಟ್ಟೆ ಮುರಿದವನು ನಾನು. ಇದನ್ನು ಬಾಯಲ್ಲಿ ಹೇಳಿ ನೋಡಿದೆ. ಜನ ನಂಬಲಿಲ್ಲ. ನಂಬದೆ ಇದ್ದರೂ ಸಹಿಸಬಹುದಿತ್ತು, ಅವರು ನನ್ನನ್ನು ಹೊಗಳಿದರು. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಆರನೇ ಕ್ಲಾಸಿನವರೆಗೆ ಶಾಲೆಗೆ ಹೋದವನು. ಕನ್ನಡ ಓದುತ್ತೇನೆ, ಬರೆಯುತ್ತೇನೆ. ಇಂಗ್ಲಿಷ್ ಅಕ್ಷರ ಗೊತ್ತಿಲ್ಲ. ಓದು ಇಲ್ಲದವನು, ತಿಳಿಯದೆ ಮಾಡಿದ ಎಂದು ಯಾರೂ ನನ್ನನ್ನು ಬಿಟ್ಟುಬಿಡಬೇಡಿ. ಅಕ್ಕ ಓದಿದ್ದೂ ಏಳನೇ ಕ್ಲಾಸು. ತನಗೆ ಗೊತ್ತಿಲ್ಲದ್ದನ್ನು ಅವಳು ಯಾರ ಹತ್ತಿರವಾದರೂ ಕೇಳುತ್ತಾಳೆ. ನಾನು ಕೇಳುವುದಿಲ್ಲ. ವ್ಯತ್ಯಾಸ ಅಷ್ಟೇ, ಆ ವ್ಯತ್ಯಾಸದ್ದೇ ಈ ಕಥೆ. ಮನೆಯಲ್ಲಿ ನಮ್ಮ ಮಾತು ತುಳು. ಕನ್ನಡದಲ್ಲಿ ಬರೆಯುವಾಗ ಅಕ್ಕನ ಬೈಗಳು ಸ್ವಲ್ಪ ಮೆತ್ತಗಾಗಿವೆ, ಅಷ್ಟು ಬದಲಾವಣೆ ಮಾತ್ರ.

ಪಿಕಪ್ ಅಕ್ಕನದ್ದು. ಅಮ್ಮ ವರ್ಷಗಟ್ಟಲೆ ಬೀಡಿ ಕಟ್ಟಿದ್ದಕ್ಕೆ ಕೈಗೆ ಬಂದ ಪಿ.ಎಫ್.ನಲ್ಲಿ ತೆಗೆದ ಸೆಕೆಂಡ್ ಹ್ಯಾಂಡ್ ಗಾಡಿ. ಅಡುಗೆ ಸಾಮಾನು ಸಾಗಿಸುವುದು ನಮ್ಮ ಕೆಲಸ. ಕೊಪ್ಪರಿಗೆ, ಹಂಡೆ, ಗ್ಯಾಸ್ ಒಲೆ, ಊಟದ ಬೆಂಚು, ಪ್ಲಾಸ್ಟಿಕ್ ಕುರ್ಚಿ. ಕಾರ್ಕಳದ ಕಡೆಯ ಒಬ್ಬರು ಅಡುಗೆ ಭಟ್ಟರು ಎಲ್ಲಿ ಅಡುಗೆ ಹಿಡಿಯುತ್ತಾರೋ ಅಲ್ಲಿಗೆ ನಾವು. ಇವತ್ತು ಮಣಿಪಾಲದ ಹಾಲ್, ನಾಳೆ ಕಾಪುವಿನ ಮನೆ. ಅಕ್ಕ ಓಡಿಸುತ್ತಾಳೆ, ನಾನು ಹತ್ತಿಸಿ ಇಳಿಸುತ್ತೇನೆ. ನನಗೂ ಲೈಸೆನ್ಸ್ ಉಂಟು. ಆದರೆ ಅವಳು ಓಡಿಸಿದ ಹಾಗೆ ನಾನು ಓಡಿಸಲಾರೆ. ಎರಡು ಕಡೆ ಕೆಂಪುಕಲ್ಲಿನ ಪಾಗಾರ, ನಡುವೆ ಒಂದು ಸ್ಕೂಟರ್ ಹೋಗುವಷ್ಟೇ ಜಾಗ ಎಂದು ಕಾಣುವ ಓಣಿಯಲ್ಲಿ ಕನ್ನಡಿ ಮಡಚಿ ಹಿಮ್ಮುಖವಾಗಿ ಹೋಗಿ ಅಡುಗೆಮನೆಯ ಬಾಗಿಲಿಗೇ ಗಾಡಿ ತಾಗಿಸಿ ನಿಲ್ಲಿಸುತ್ತಿದ್ದಳು.

ಹಾಲ್‌ಗಳಲ್ಲಿ ನನ್ನನ್ನು ಕಾಡಿಸುತ್ತಿದ್ದರು. "ಎಂತ ಮಾರಾಯ, ಅಕ್ಕ ಡ್ರೈವರ್, ನೀನು ಕ್ಲೀನರ್?" ನಾನೂ ನಗುತ್ತಿದ್ದೆ. ನಗುವಾಗ ಒಳಗೆ ಉರಿಯುತ್ತಿತ್ತು. ಇದನ್ನು ಮೊದಲೇ ಹೇಳಿಡುತ್ತೇನೆ, ಏಕೆಂದರೆ ಮುಂದೆ ನಡೆದದ್ದು ಬರೀ ಎಣ್ಣೆಯ ವಿಷಯವಲ್ಲ.

ಒಂದು ದಿನ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದಾಗ ಬಾನೆಟ್ ಒಳಗಿನಿಂದ ಸಣ್ಣಗೆ ಕುಂಯ್ ಎಂದು ಸದ್ದು. ಅಕ್ಕ ಪವರ್ ಸ್ಟೇರಿಂಗಿನ ಎಣ್ಣೆಡಬ್ಬಿಯ ಮುಚ್ಚಳ ತೆಗೆದು ನೋಡಿದಳು.

"ಎಣ್ಣೆ ಕೆಳಗೆ ಹೋಗಿದೆ. ಕಾರ್ಕಳಕ್ಕೆ ಹೋಗ್ತೀಯಲ್ಲ, ಸ್ಟೇರಿಂಗ್ ಆಯಿಲ್ ತಾ. ಕೆಂಪು ಬಣ್ಣದ್ದು. ತಂದು ನೀನೇ ಹಾಕಿಬಿಡು."

ನಾನು ಕಾರ್ಕಳಕ್ಕೆ ಹೋದೆ, ಮರೆತೆ, ಬಂದೆ. ಮರೆತೆ ಎಂದು ಹೇಳಲು ನಾಚಿಕೆ. ಸೀಟಿನ ಹಿಂದಿನ ಪೆಟ್ಟಿಗೆಯಲ್ಲಿ ಅರ್ಧ ತುಂಬಿದ ಒಂದು ಬಾಟಲಿ ಇತ್ತು. ಮೇಲೆ ಎಲ್ಲ ಇಂಗ್ಲಿಷ್. ನಡುವೆ ಒಂದು ಚಕ್ರದ ಚಿತ್ರ. ಸ್ಟೇರಿಂಗ್ ವೀಲಿನ ಚಿತ್ರವೇ ಎಂದುಕೊಂಡೆ. ಎಣ್ಣೆ ಕೆಂಪಾಗಿರಲಿಲ್ಲ, ತೆಳು ಹಳದಿ. ಬೇರೆ ಕಂಪೆನಿಯದ್ದು ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆಚೆ ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗಿ ಜಗಲಿಯಲ್ಲೇ ಕೂತಿದ್ದಳು. ಹತ್ತು ಹೆಜ್ಜೆ. ಇದರಲ್ಲಿ ಎಂತ ಬರೆದಿದೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಸುರಿದೆ, ಮುಚ್ಚಳ ತಿರುಗಿಸಿದೆ.

"ಹಾಕಿದಿಯಾ?"

"ಹಾಕಿದೆ."

ಅದು ಬ್ರೇಕ್ ಆಯಿಲ್. ಚಿತ್ರದಲ್ಲಿ ಇದ್ದದ್ದು ಬ್ರೇಕಿನ ಡಿಸ್ಕ್.

ಎರಡು ವಾರ ಏನೂ ಆಗಲಿಲ್ಲ. ಮೂರನೇ ವಾರ ಕುಂಯ್ ಎನ್ನುತ್ತಿದ್ದದ್ದು ಗುಂಯ್ ಎನ್ನತೊಡಗಿತು. ಸ್ಟೇರಿಂಗ್ ಒಮ್ಮೆ ಹಗುರ, ಒಮ್ಮೆ ಭಾರ. ಅಕ್ಕ ಎರಡು ಸಲ ಹೇಳಿದಳು. "ಎಣ್ಣೆ ಇನ್ನೊಮ್ಮೆ ನೋಡು ಮಾರಾಯ, ತಿರುಗಿಸುವಾಗ ಸ್ಟೇರಿಂಗ್ ಹಿಡಿಯುತ್ತದೆ." ನಾನು ಬಾನೆಟ್ ಎತ್ತಿದೆ, ನೋಡಿದ ಹಾಗೆ ಮಾಡಿದೆ, "ಸರಿ ಉಂಟು" ಎಂದೆ. ನಿಜವಾಗಿ ಎಣ್ಣೆ ಕಪ್ಪಾಗಿ ನೊರೆ ಕಟ್ಟಿತ್ತು. ನೋಡಿ ಮುಚ್ಚಿದೆ.

ಶಂಕರಪುರದ ಆ ಮನೆಯಲ್ಲಿ ಮೊಮ್ಮಗಳ ಸೀಮಂತ. ಈಗ ಎಲ್ಲರೂ ಹಾಲ್‌ನಲ್ಲಿ ಮಾಡುತ್ತಾರೆ. ಆ ಮನೆಯ ಅಜ್ಜಿ ಮಾತ್ರ ತನ್ನ ಅಂಗಳದಲ್ಲೇ ಆಗಬೇಕು ಎಂದು ಹಟ ಹಿಡಿದಿದ್ದರಂತೆ. ಮನೆಯ ಸುತ್ತ ಮಲ್ಲಿಗೆ ಗಿಡ, ಅಂಗಳಕ್ಕೆ ಚಪ್ಪರ, ಅಂಗಳದ ನಡುವೆ ಹಳೆಯ ಕಾಲದ ಎತ್ತರದ ತುಳಸಿಕಟ್ಟೆ. ಕಟ್ಟೆಯನ್ನು ಬಲಕ್ಕೆ ಸುತ್ತಿ ಹಿಂದಿನ ಅಡುಗೆ ಚಪ್ಪರಕ್ಕೆ ಹೋಗಬೇಕು. ಗಾಡಿ ತುಂಬ ಕೊಪ್ಪರಿಗೆ. ನಾನು ಮುಂದೆ ನಿಂತು ಕೈ ಬೀಸಿ ದಾರಿ ತೋರಿಸುತ್ತಿದ್ದೆ. "ಬರ್ಲಿ, ಬರ್ಲಿ, ಬಲಕ್ಕೆ ಬರ್ಲಿ" ಎಂದು ಕೂಗಿದ್ದು ಇದೇ ಬಾಯಿ.

ಅಕ್ಕ ಮೆಲ್ಲಗೆ ತಿರುಗಿಸುತ್ತಾ ಬಂದಳು. ಅರ್ಧ ತಿರುವಿನಲ್ಲಿ ಸ್ಟೇರಿಂಗ್ ಕಲ್ಲಾಯಿತು. ಅವಳು ಸೀಟಿನಿಂದ ಎದ್ದು ಎರಡೂ ಕೈಯಲ್ಲಿ ಜಗ್ಗಿದ್ದು ಗಾಜಿನ ಮೂಲಕ ನನಗೆ ಕಾಣುತ್ತಿತ್ತು. ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಎಡಗಡೆಯ ಮೂಲೆ ಕಟ್ಟೆಗೆ ತಾಗಿತು. ದೊಡ್ಡ ಸದ್ದೇನೂ ಆಗಲಿಲ್ಲ. ಕಟ್ಟೆಯ ಒಂದು ಮೂಲೆ ಒಡೆದು ಕೆಳಗೆ ಬಿತ್ತು. ಮೇಲಿನ ಕಲ್ಲು ಜಾರಿತು. ತುಳಸಿ ಬೇರು ಸಮೇತ ವಾಲಿತು.

ಹಸಿರು ಸೀರೆ ಉಟ್ಟು ಜಗಲಿಗೆ ಬಂದಿದ್ದ ಬಸುರಿ ಹುಡುಗಿಯನ್ನು ಯಾರೋ ಬೇಗ ಒಳಗೆ ಕರೆದುಕೊಂಡು ಹೋದರು. ಆಮೇಲೆ ಎಲ್ಲರೂ ಒಟ್ಟಿಗೆ ಮಾತು ಶುರು ಮಾಡಿದರು.

"ಹೆಂಗಸಿನ ಕೈಯಲ್ಲಿ ಇಷ್ಟು ದೊಡ್ಡ ಗಾಡಿ ಕೊಟ್ಟರೆ ಇನ್ನೆಂತ ಆಗ್ತದೆ?"

"ಇವತ್ತೇ ಆಗ್ಬೇಕಿತ್ತಾ ಇದು?"

"ಕೈಯಲ್ಲಿ ಬಲ ಬೇಕು ಮಾರಾಯ್ರೆ, ಇದೆಂತ ಸ್ಕೂಟಿಯಾ?"

ಅಕ್ಕ ಇಳಿದಳು. "ಸ್ಟೇರಿಂಗ್ ತಿರುಗಲಿಲ್ಲ. ಜಾಮ್ ಆಯಿತು" ಎಂದಳು.

ಭಟ್ಟರು ನನ್ನ ಕಡೆ ತಿರುಗಿದರು. ಅವರಿಗೆ ಅಡುಗೆ ತಡವಾಗುತ್ತದೆ ಎಂಬ ಚಿಂತೆ. "ನೀನೊಮ್ಮೆ ಕೂತು ತಿರುಗಿಸಿ ನೋಡು. ಇವಳು ಜಾಮ್ ಅಂತಾಳೆ."

ನಾನು ಹತ್ತಿ ಕೂತೆ. ಆ ಗಳಿಗೆಯಲ್ಲಿ ನನಗೆ ಬಾಟಲಿ ನೆನಪಾಯಿತು, ಹಳದಿ ಬಣ್ಣ ನೆನಪಾಯಿತು. ಖಚಿತವಾಗಿ ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ಬೇಕಾದಷ್ಟು ಗೊತ್ತಿತ್ತು. ಆಕ್ಸಿಲರೇಟರ್ ಜೋರಾಗಿ ಒತ್ತಿ, ಇಂಜಿನ್ ಕಿರುಚುವ ಹಾಗೆ ಮಾಡಿ, ಹೆಗಲಿನ ಬಲವನ್ನೆಲ್ಲ ಹಾಕಿ ತಿರುಗಿಸಿದೆ. ತಿರುಗಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಅಷ್ಟು ಜನರ ಎದುರು ಹೇಳಿದೆ:

"ಹಗುರ ಉಂಟು."

ಅಕ್ಕ ನನ್ನನ್ನು ನೋಡಿದಳು. ಕೆಳಗೆ ಕೂತು ವಾಲಿದ ತುಳಸಿಯ ಬುಡಕ್ಕೆ ಮಣ್ಣು ಒತ್ತತೊಡಗಿದಳು. ಅಜ್ಜಿ ಬಂದು ಅವಳ ಕೈ ಸರಿಸಿದರು. "ಬೇಡ, ನೀನು ಮುಟ್ಟಬೇಡ" ಎಂದರು. ಯಾರೋ ಪೇಂಟಿನ ಖಾಲಿ ಬಕೆಟ್ ತಂದುಕೊಟ್ಟರು. ತುಳಸಿಯನ್ನು ಅದರಲ್ಲಿ ನೆಟ್ಟು ಜಗಲಿಯ ಮೂಲೆಗೆ ಇಟ್ಟರು. ಸೀಮಂತ ಮುಗಿಯಿತು. ಊಟ ಮಾಡಿ ಎದ್ದವರೆಲ್ಲ ಆ ಬಕೆಟ್ ನೋಡಿಯೇ ಹೋದರು.

ಮಾರನೆಯ ದಿನ ಭಟ್ಟರ ಫೋನ್ ಬಂತು. ಇನ್ನು ಮುಂದೆ ತಮ್ಮ ಓಡಿಸುವುದಾದರೆ ಮಾತ್ರ ಗಾಡಿ ಬರಲಿ, ಜನ ಮಾತಾಡುತ್ತಾರೆ, ಶುಭಕಾರ್ಯದ ಮನೆಗಳು. ಅಕ್ಕ ಫೋನ್ ಇಟ್ಟು ಕೀ ತಂದು ನನ್ನ ಎದುರು ಮಣೆಯ ಮೇಲೆ ಇಟ್ಟಳು.

ನಾನು ಅದನ್ನು ತೆಗೆದುಕೊಂಡೆ. ತೆಗೆದುಕೊಳ್ಳುವಾಗ ನನಗೆ ಖುಷಿಯಾಯಿತು. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಬರೆದೂ ಪ್ರಯೋಜನವಿಲ್ಲ.

ಎರಡು ತಿಂಗಳು ಓಡಿಸಿದೆ. ಅಕ್ಕ ಎಡಗಡೆ ಕೂತು ದಾರಿ ಹೇಳುತ್ತಿದ್ದಳು, ಇಳಿದು ಕೊಪ್ಪರಿಗೆ ಹೊರುತ್ತಿದ್ದಳು. ನನ್ನನ್ನು ಯಾರೂ ಕ್ಲೀನರ್ ಎನ್ನಲಿಲ್ಲ. ಅವಳಿಗೆ ಗೊತ್ತಾಗದ ಹಾಗೆ ಸರಿಯಾದ ಕೆಂಪು ಎಣ್ಣೆ ತಂದು ಹಾಕುತ್ತಿದ್ದೆ, ಎರಡು ದಿನದಲ್ಲಿ ಅದು ಸೋರಿ ಅಂಗಳದಲ್ಲಿ ಕಲೆಯಾಗುತ್ತಿತ್ತು. ನಾನು ಅದರ ಮೇಲೆ ಮಣ್ಣು ಎಳೆಯುತ್ತಿದ್ದೆ. ಸಂಜೆ ಹೆಗಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೆ. ಅಮ್ಮ ಏನಾಯಿತು ಎಂದರೆ "ಹಂಡೆ ಹೊತ್ತದ್ದು" ಎನ್ನುತ್ತಿದ್ದೆ. ಹಂಡೆ ಹೊರುತ್ತಿದ್ದವಳು ಪಕ್ಕದಲ್ಲೇ ಕೂತು ಗಂಜಿ ಊಟ ಮಾಡುತ್ತಿದ್ದಳು.

ಮಣಿಪಾಲದಲ್ಲಿ ಒಂದು ಹಾಲ್‌ನ ಅಡುಗೆಮನೆ ನೆಲಮಾಳಿಗೆಯಲ್ಲಿದೆ. ಕಡಿದಾದ ಇಳಿಜಾರು, ತಳದಲ್ಲಿ ಗಕ್ಕನೆ ಎಡ ತಿರುವು. ಅಕ್ಕ ಅದನ್ನು ಎಷ್ಟು ಸಲ ಇಳಿಸಿದ್ದಳೋ ಲೆಕ್ಕವಿಲ್ಲ. ಆ ಬೆಳಿಗ್ಗೆ ನಾನು ಇಳಿಸಿದೆ. ತಿರುವಿನಲ್ಲಿ ಸ್ಟೇರಿಂಗ್ ಮತ್ತೆ ಕಲ್ಲಾಯಿತು. ಎದುರಿಗೆ ತರಕಾರಿ ಹೆಚ್ಚುವ ಹೆಂಗಸರು ಸಾಲಾಗಿ ಕೂತಿದ್ದರು. ಎದೆ ಸ್ಟೇರಿಂಗಿಗೆ ಒತ್ತಿ ಜಗ್ಗಿದೆ. ಬರಲಿಲ್ಲ. ಆಗ ಎಡಗಡೆಯಿಂದ ಅಕ್ಕನ ಕೈ ಬಂದು ಚಕ್ರವನ್ನು ಹಿಡಿಯಿತು. ಇಬ್ಬರೂ ಸೇರಿ ಎಳೆದೆವು. ಗಾಡಿ ತಿರುಗಿತು. ನಾನು ಬ್ರೇಕ್ ಒತ್ತಿ ನಿಲ್ಲಿಸಿದೆ. ಒಬ್ಬಳು ಹೆಂಗಸು ಸೌತೆಕಾಯಿ ಹಿಡಿದುಕೊಂಡೇ ಎದ್ದು ನಿಂತಿದ್ದಳು.

ಅಕ್ಕ ಕೈ ತೆಗೆದು ಸೀರೆ ಸೆರಗಿಗೆ ಒರೆಸಿಕೊಂಡಳು.

"ಹಗುರ ಉಂಟು, ಅಲ್ವಾ?" ಎಂದಳು.

ನಾನು ಇಂಜಿನ್ ಬಂದ್ ಮಾಡಿದೆ. "ನಾಳೆ ಕಾಪುವಿಗೆ ಹೋಗಿ ಮೆಕ್ಯಾನಿಕ್‌ಗೆ ತೋರಿಸುವುದು. ಅಲ್ಲಿಯವರೆಗೆ ಗಾಡಿ ನಾನು ಓಡಿಸುತ್ತೇನೆ. ಬೇಡ ಅನ್ನಲಿಕ್ಕೆ ಭಟ್ರು ಬರಲಿ ನೋಡುವ" ಎಂದಳು.

ಕಾಪುವಿನಲ್ಲಿ ಹೆದ್ದಾರಿಯ ಪಕ್ಕದ ಶೆಡ್ಡಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾನೆ, ಬಾಗಲಕೋಟೆ ಕಡೆಯವನು. ಸಣ್ಣ ಆಳು, ದೊಡ್ಡ ಗಂಟಲು. ದಾರಿಯಲ್ಲಿ ಉಡುಪಿಯ ಇನ್ನೊಂದು ಗ್ಯಾರೇಜಿನಲ್ಲಿ ತೋರಿಸಿದಾಗ ಸ್ಟೇರಿಂಗ್ ಗೇರ್‌ಬಾಕ್ಸೇ ಹೋಗಿದೆ, ಪೂರ್ತಿ ಬದಲಿಸಬೇಕು ಎಂದಿದ್ದರು. ಅಕ್ಕ ಅದನ್ನು ಹೇಳಿದಳು. ಇವನು ತಲೆ ಅಲ್ಲಾಡಿಸಿದ.

"ನೋಡಲಾರದ ಹೆಂಗ ಹೇಳಾಕ ಬರ್ತೈತ್ರಿ ಅಕ್ಕಾರ? ಮೊದಲ ನೋಡೂಣು."

ಮೊದಲು ಟೈರಿನ ಗಾಳಿ ನೋಡಿದ. ಆಮೇಲೆ ಮುಂದಿನ ಎರಡೂ ಚಕ್ರ ನೆಲ ಬಿಡುವ ಹಾಗೆ ಜಾಕ್ ಕೊಟ್ಟು, ಇಂಜಿನ್ ಬಂದ್ ಇಟ್ಟು ಸ್ಟೇರಿಂಗ್ ತಿರುಗಿಸಿದ. ಈ ಕೊನೆಯಿಂದ ಆ ಕೊನೆಗೆ ಸಲೀಸಾಗಿ ತಿರುಗಿತು. ಕೆಳಗಿನ ಜಾಯಿಂಟ್‌ಗಳಲ್ಲಿ ತೊಂದರೆ ಇಲ್ಲ ಎಂದ. ಪಂಪನ್ನು ತಿರುಗಿಸುವ ಬೆಲ್ಟನ್ನು ಹೆಬ್ಬೆರಳಿನಲ್ಲಿ ಒತ್ತಿದ. ಅದೂ ಬಿಗಿ ಇತ್ತು. ಗಾಡಿ ಇಳಿಸಿ ಇಂಜಿನ್ ಸ್ಟಾರ್ಟ್ ಮಾಡಿ ಅಕ್ಕನನ್ನು ಕೂರಿಸಿದ.

"ಹಂಗ ತಿರುಗಸ್ರಿ. ಭಾರ? ಈಗ ರೇಸ್ ಕೊಡ್ರಿ."

ಅಕ್ಕ ಆಕ್ಸಿಲರೇಟರ್ ಒತ್ತಿದಳು. ಗುಂಯ್ ಸದ್ದು ಏರಿತು. "ಈಗ ಸ್ವಲ್ಪ ಹಗುರ" ಎಂದಳು.

"ಹಾಂ! ರೇಸ್ ಕೊಟ್ರ ಹಗುರ, ಬಿಟ್ರ ಭಾರ. ಪಂಪ್ ಸವದೈತಿ. ಮೆಲ್ಲಕ ಓಡೂಮುಂದ ಎಣ್ಣಿ ದೂಡೂ ತಾಕತ್ತಿಲ್ಲ ಅದಕ್ಕ. ಗೇರ್‌ಬಾಕ್ಸ್ ಅಂತ, ಅವರ ತಲಿ!"

ಅಕ್ಕ ಸ್ಟೇರಿಂಗ್ ಬಿಡದೆ ನನ್ನ ಕಡೆ ತಿರುಗಿದಳು. ಶಂಕರಪುರದ ಅಂಗಳದಲ್ಲಿ ನಾನು ಇಂಜಿನ್ ಕಿರುಚಿಸಿದ್ದು ಅವಳಿಗೆ ಆಗ ಅರ್ಥವಾಯಿತು. ಅರ್ಥವಾದದ್ದು ನನಗೆ ಕಂಡಿತು.

ಮೆಕ್ಯಾನಿಕ್ ಎಣ್ಣೆಡಬ್ಬಿಯ ಮುಚ್ಚಳ ತೆಗೆದ. ಬೆರಳು ಅದ್ದಿ ಮೂಸಿದ. ಪಂಪಿನ ಕೆಳಗೆ ಟಾರ್ಚ್ ಬಿಟ್ಟು ಸೋರಿದ್ದನ್ನು ನೋಡಿದ. ಎಣ್ಣೆಯೊಳಗೆ ಮೆತ್ತಗಾದ ರಬ್ಬರಿನ ಚೂರು ತೇಲುತ್ತಿತ್ತು.

"ಯಾರ್ರೀ ಇದರಾಗ ಬ್ರೇಕ್ ಆಯಿಲ್ ಸುರುವಿದವ್ರು? ಸೀಲ್ ಎಲ್ಲಾ ಉಬ್ಬಿ ಬೆಣ್ಣಿ ಆಗ್ಯಾವ." ಅವನು ಅಕ್ಕನನ್ನು ನೋಡಿ ನಕ್ಕ. "ನೀವ ಏನ್ರಿ ಅಕ್ಕಾರ? ಹೆಣ್ಮಕ್ಳು ಅಡಿಗಿ ಎಣ್ಣಿ ಹಾಕಲಿಲ್ಲ, ಪುಣ್ಯ."

ಅಕ್ಕ ಇಲ್ಲ ಎನ್ನಲಿಲ್ಲ. ಹೌದು ಎನ್ನಲೂ ಇಲ್ಲ. ಸುಮ್ಮನೆ ಕಾಯುತ್ತಾ ಕೂತಳು. ಹೆದ್ದಾರಿಯಲ್ಲಿ ಒಂದರ ಹಿಂದೆ ಒಂದು ಲಾರಿ ಹೋದವು.

"ನಾನು" ಎಂದೆ.

"ಏನಂದ್ರಿ?"

"ನಾನು ಹಾಕಿದ್ದು. ಬಾಟಲಿ ಓದ್ಲಿಕ್ಕೆ ಬರ್ಲಿಲ್ಲ. ಕೇಳಲೂ ಇಲ್ಲ."

ಅವನು ನಗು ನಿಲ್ಲಿಸಿ ಸ್ಪ್ಯಾನರ್ ಹುಡುಕುವ ನೆಪದಲ್ಲಿ ಆಚೆ ಹೋದ. ಅಕ್ಕ ಇಳಿದು ಬಾಗಿಲು ಹಾಕಿದಳು.

"ಎಣ್ಣೆ ತಪ್ಪಿ ಹಾಕಿದ್ದು ಯಾರಿಗೂ ಆಗಬಹುದು. ನನಗೂ ಆಗಬಹುದಿತ್ತು. ನೀನು ಹಗುರ ಉಂಟು ಅಂದೆಯಲ್ಲ, ಅದು? ಅದು ಯಾವ ಬಾಟಲಿಯಿಂದ ಬಂತು?"



ಹೊಸ ಪಂಪ್ ತರಲು ನಾನೇ ಬಸ್ಸು ಹತ್ತಿ ಉಡುಪಿಗೆ ಹೋದೆ. ಬಿಚ್ಚಿದ ಹಳೆಯ ಪಂಪನ್ನು ಗೋಣಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಅಂಗಿಗೆಲ್ಲ ಕಪ್ಪು ಎಣ್ಣೆ. ಕಡಿಯಾಳಿಯ ಸ್ಪೇರ್ ಪಾರ್ಟ್ಸ್ ಅಂಗಡಿಯವನು ಹಳೆಯದರ ಪಕ್ಕ ಹೊಸದನ್ನು ಇಟ್ಟು ಬೋಲ್ಟಿನ ತೂತು, ಪೈಪಿನ ಬಾಯಿ ಎರಡೂ ಹೋಲಿಸಿ ಕೊಟ್ಟ. ತಾಮ್ರದ ವಾಷರ್ ಹೊಸದು ಹಾಕಿ ಎಂದ. ಎಣ್ಣೆಯ ಬಾಟಲಿ ತಂದಿಟ್ಟಾಗ ನಾನು ಅದನ್ನು ಅವನ ಕಡೆಗೆ ತಿರುಗಿಸಿದೆ.

"ಇದರ ಮೇಲೆ ಎಂತ ಬರೆದದ್ದು, ಓದಿ ಹೇಳಿ. ನನಗೆ ಇಂಗ್ಲಿಷ್ ಬರುವುದಿಲ್ಲ."

ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ಯಾರೂ ನಗಲಿಲ್ಲ. ಅವನು ಬೆರಳಿಟ್ಟು ಒಂದೊಂದೇ ಪದ ಓದಿ ಹೇಳಿದ. ಎಷ್ಟು ಸುಲಭ! ಈ ಒಂದು ಮಾತನ್ನು ನಮ್ಮ ಅಂಗಳದಲ್ಲಿ ಹೇಳಿದ್ದರೆ ಒಂದು ಕಟ್ಟೆ ಉಳಿಯುತ್ತಿತ್ತು. ಬಸ್ಸಿನಲ್ಲಿ ಬರುವಾಗ ನನಗೆ ಅಳು ಬಂತು ಎಂದೇನೂ ಬರೆಯುವುದಿಲ್ಲ. ನನ್ನ ಮೇಲೆ ನನಗೆ ಸಿಟ್ಟು ಬಂತು, ಅಷ್ಟೇ.

ಪಂಪ್ ಕೂರಿಸುವ ಕೆಲಸ ಮೆಕ್ಯಾನಿಕ್ ಹೇಳಿಕೊಟ್ಟ ಹಾಗೆ ನಾನೇ ಮಾಡಿದೆ. ನಾನೇ ಮಾಡುತ್ತೇನೆ ಎಂದು ಹಟ ಹಿಡಿದಿದ್ದೆ. ಬೋಲ್ಟುಗಳನ್ನು ಕೈಯಲ್ಲೇ ಹಿಡಿಸಿ ಆಮೇಲೆ ಬಿಗಿ ಮಾಡಿದೆ. ದಪ್ಪ ಪೈಪಿಗೆ ಹೊಸ ವಾಷರ್ ಹಾಕಿದೆ. ಬೆಲ್ಟ್ ಏರಿಸಿದೆ. ಹಳೆಯ ಎಣ್ಣೆಯ ಒಂದು ಹನಿಯೂ ಉಳಿಯಬಾರದು ಎಂದು ವಾಪಸು ಬರುವ ಪೈಪನ್ನು ಕಳಚಿ ಡಬ್ಬಕ್ಕೆ ಬಿಟ್ಟು, ಮೇಲಿನಿಂದ ಹೊಸ ಎಣ್ಣೆ ಸುರಿಯುತ್ತಾ ಹೋದೆವು. ಮೊದಲು ಕಪ್ಪು ಬಂತು, ಆಮೇಲೆ ಕಂದು, ತುಂಬಾ ಹೊತ್ತಿನ ಮೇಲೆ ಕೆಂಪು. ಒಳಗೆ ಸೇರಿದ ಗಾಳಿ ಹೋಗಬೇಕಾದರೆ ಚಕ್ರ ಎತ್ತಿ, ಇಂಜಿನ್ ಬಂದ್ ಇಟ್ಟು, ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸುತ್ತಲೇ ಇರಬೇಕು. ಅಕ್ಕ ಬಾನೆಟ್ ಹತ್ತಿರ ನಿಂತು ಡಬ್ಬಿಯಲ್ಲಿ ಏಳುವ ಗುಳ್ಳೆ ನೋಡುತ್ತಿದ್ದಳು.

"ಇನ್ನೂ ಉಂಟು. ತಿರುಗಿಸು."

ತಿರುಗಿಸಿದೆ.

"ಇನ್ನೂ ಉಂಟು."

ಮೆಕ್ಯಾನಿಕ್ ಎದ್ದು ಬಂದು ಡಬ್ಬಿ ನೋಡಿದ. "ಗುಳ್ಳಿ ಹೋಗಿ ಭಾಳ ಹೊತ್ತಾತ್ರಿ ಅಕ್ಕಾರ."

"ನನಗೆ ಕಾಣ್ತಾ ಉಂಟು" ಎಂದಳು ಅಕ್ಕ. "ತಿರುಗಿಸು."

ನಾನು ತಿರುಗಿಸಿದೆ. ಅವಳು ಸಾಕು ಎನ್ನುವವರೆಗೆ ತಿರುಗಿಸಿದೆ.

ಇಂಜಿನ್ ಸ್ಟಾರ್ಟ್ ಮಾಡಿದಾಗ ಕುಂಯ್ ಸದ್ದಿಲ್ಲ, ಗುಂಯ್ ಸದ್ದೂ ಇಲ್ಲ. ಅಕ್ಕ ಒಂದು ಕೈಯಲ್ಲಿ ತಿರುಗಿಸಿ ನೋಡಿದಳು. ಮೆಕ್ಯಾನಿಕ್ ಒಂದು ಎಚ್ಚರಿಕೆ ಹೇಳಿದ. ಬ್ರೇಕ್ ಆಯಿಲ್ ಗೇರ್‌ಬಾಕ್ಸಿನ ಒಳಗೂ ಹೋಗಿದೆ, ಅಲ್ಲಿಯ ಸೀಲ್ ಈಗ ಸರಿ ಇದ್ದರೂ ಮುಂದೆ ಸೋರಬಹುದು, ನೋಡುತ್ತಾ ಇರಬೇಕು. ಈಗಲೂ ದಿನಾ ಬೆಳಿಗ್ಗೆ ಗಾಡಿಯ ಕೆಳಗೆ ಬಗ್ಗಿ ನೋಡುವುದು ನನ್ನ ಕೆಲಸ.

ಹಳೆಯ ಪಂಪನ್ನು ಗುಜರಿಗೆ ಹಾಕಲಿಲ್ಲ. ಮನೆಗೆ ತಂದೆ. ಭಟ್ಟರ ಹತ್ತಿರ, ಶಂಕರಪುರದ ಮನೆಯಲ್ಲಿ ಎಲ್ಲ ಹೇಳುತ್ತೇನೆ ಎಂದಾಗ ಅಮ್ಮನಿಗೆ ಗಾಬರಿ.

"ಹೇಳಿ ಎಂತ ಮಾಡ್ತಿ? ಒಬ್ಬಳ ಹೆಸರು ಹೋದದ್ದು ಸಾಕು. ಈಗ ನಿನ್ನದೂ ಹೋಗ್ಬೇಕಾ?"

"ಅವಳದ್ದು ಹೋದದ್ದಲ್ಲ ಅಮ್ಮ. ನಾನು ತೆಗೆದದ್ದು."

ಭಟ್ಟರು ಕಾರ್ಕಳದ ಒಂದು ಹಾಲ್‌ನಲ್ಲಿ ಕುಂಬಳಕಾಯಿ ಹೆಚ್ಚಿಸುತ್ತಿದ್ದರು. ಪಂಪನ್ನು ಅವರ ಎದುರಿನ ಬೆಂಚಿನ ಮೇಲೆ ಇಟ್ಟೆ. ಬಾಟಲಿ, ಚಿತ್ರ, ಬ್ರೇಕ್ ಆಯಿಲ್, ರೇಸ್ ಕೊಟ್ಟು ತಿರುಗಿಸಿದ್ದು, ಹಗುರ ಉಂಟು ಎಂದದ್ದು, ಒಂದನ್ನೂ ಬಿಡದೆ ಹೇಳಿದೆ. ಹೆಚ್ಚುವವರೆಲ್ಲ ಕೈ ನಿಲ್ಲಿಸಿ ಕೇಳಿದರು. ಭಟ್ಟರು ನನ್ನ ಬೆನ್ನು ತಟ್ಟಿದರು.

"ಅಕ್ಕನಿಗೋಸ್ಕರ ಇಷ್ಟೆಲ್ಲ ಮೈಮೇಲೆ ಹಾಕಿಕೊಳ್ತೀಯಲ್ಲ ಮಾರಾಯ! ನಿನ್ನಂಥ ತಮ್ಮ ಸಿಗ್ಲಿಕ್ಕೆ ಪುಣ್ಯ ಬೇಕು."

"ಮೈಮೇಲೆ ಹಾಕಿಕೊಂಡದ್ದಲ್ಲ ಭಟ್ರೇ, ನಾನೇ ಮಾಡಿದ್ದು!"

"ಆಯ್ತು, ಆಯ್ತು. ನೀನೇ ಮಾಡಿದ್ದು." ಅವರು ಉಳಿದವರ ಕಡೆ ನೋಡಿ ಕಣ್ಣು ಮಿಟುಕಿಸಿದರು. "ಅಕ್ಕ ಅಂದ್ರೆ ಪ್ರಾಣ ಇವನಿಗೆ."

ಒಬ್ಬ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಬೆಂಚು ಗುದ್ದಿ ಕೂಗಾಡಿದೆ. ಕೂಗಿದಷ್ಟೂ ನಾನು ಒಳ್ಳೆಯವನಾಗುತ್ತಾ ಹೋದೆ. ಹೊರಗೆ ಬಂದಾಗ ಅಕ್ಕ ಗಾಡಿಗೆ ಒರಗಿ ನಿಂತಿದ್ದಳು. ಎಲ್ಲ ಕೇಳಿತ್ತು ಅವಳಿಗೆ.

"ನೋಡಿದಿಯಾ? ನಾನು ಹೇಳಿದರೆ ನೆವ. ನೀನು ಹೇಳಿದರೆ ತ್ಯಾಗ."

ಶಂಕರಪುರಕ್ಕೆ ಇಬ್ಬರೂ ಹೋದೆವು. ಅಕ್ಕ ಗಾಡಿಯನ್ನು ಗೇಟಿನ ಹೊರಗೇ ನಿಲ್ಲಿಸಿದಳು. ಅಂಗಳದಲ್ಲಿ ಹೊಸ ಕಟ್ಟೆ ಎದ್ದಿತ್ತು, ಸಿಮೆಂಟಿನದ್ದು, ಇನ್ನೂ ಸುಣ್ಣ ಬಳಿದಿರಲಿಲ್ಲ. ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕೂತು ಬಾಳೆನಾರಿನಲ್ಲಿ ಮಲ್ಲಿಗೆ ಮೊಗ್ಗು ಕಟ್ಟುತ್ತಿದ್ದರು. ಹನ್ನೊಂದು ಗಂಟೆಯೊಳಗೆ ಹೂವು ಪೇಟೆಗೆ ಹೋಗಬೇಕು, ಅವರ ಬೆರಳುಗಳಿಗೆ ನಮ್ಮನ್ನು ನೋಡಲು ಪುರುಸೊತ್ತಿಲ್ಲ. ಒಳಗಿನಿಂದ ಎಳೆ ಮಗುವಿನ ಅಳು ಕೇಳಿತು. ಅದನ್ನು ಕೇಳಿ ಅಕ್ಕ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಳು. ಆ ಎರಡು ತಿಂಗಳು ಅವಳು ಯಾವುದಕ್ಕೆ ಹೆದರಿ ಬದುಕಿದ್ದಳು ಎಂದು ನನಗೆ ಗೊತ್ತಾದದ್ದು ಆಗ.

ನಾನು ಗೋಣಿ ಬಿಚ್ಚಿ ಪಂಪ್ ಇಟ್ಟು ಮೊದಲಿನಿಂದ ಶುರು ಮಾಡಿದೆ. ಅಜ್ಜಿ ಕಟ್ಟುತ್ತಲೇ ಕೇಳಿದರು. ಮುಗಿದ ಮೇಲೆ ಪಂಪಿನ ಕಡೆ ಗಲ್ಲ ತೋರಿಸಿದರು.

"ಇದೆಲ್ಲ ನನಗೆ ತಿಳಿಯುವುದಿಲ್ಲ. ತೆಗೆ ಅತ್ಲಾಗೆ, ಹೂವಿಗೆ ಎಣ್ಣೆ ತಾಗ್ತದೆ." ಆಮೇಲೆ ಅಕ್ಕನನ್ನು ನೋಡಿದರು. "ನೀನು ಆ ದಿನ ಎಂತಕ್ಕೆ ಹೇಳಲಿಲ್ಲ? ಗಾಡಿ ತಿರುಗಲಿಲ್ಲ ಅಂತ ಹೇಳ್ಬಾರದಿತ್ತಾ?"

"ಹೇಳಿದೆ ಅಜ್ಜಿ" ಎಂದಳು ಅಕ್ಕ. "ಇಲ್ಲೇ ನಿಂತು ಹೇಳಿದೆ. ನಿಮಗೆ ಕೇಳುವ ಹಾಗೆ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ."

ಅಜ್ಜಿಯ ಬೆರಳು ನಿಂತಿತು. ನಾರು ಒಂದು ಕೈಯಲ್ಲಿ, ಮೊಗ್ಗು ಒಂದು ಕೈಯಲ್ಲಿ. ಅವರು ಅಂಗಳವನ್ನು ನೋಡಿದರು, ಆ ದಿನ ಯಾರು ಎಲ್ಲಿ ನಿಂತಿದ್ದರು ಎಂದು ನೆನಪು ಮಾಡಿಕೊಳ್ಳುವವರ ಹಾಗೆ.

"ಹೌದು, ಹೇಳಿದ್ದಿ" ಎಂದರು. "ನಾನು ನಿನ್ನ ಕೈ ಸರಿಸಿದೆ."

ಮತ್ತೆ ಸ್ವಲ್ಪ ಹೊತ್ತು ಕಟ್ಟಿದರು. ನನ್ನ ಕಡೆ ನೋಡದೆ ಕೇಳಿದರು, "ಇವನು ಎಷ್ಟು ದಿನ ಸುಮ್ಮನಿದ್ದದ್ದು?"

"ಎರಡು ತಿಂಗಳು" ಎಂದೆ.

"ಥೂ" ಎಂದರು.

ಈ ಇಡೀ ಪ್ರಕರಣದಲ್ಲಿ ನನಗೆ ಸಲ್ಲಬೇಕಾದದ್ದನ್ನು ಸರಿಯಾಗಿ ಕೊಟ್ಟವರು ಅವರೊಬ್ಬರೇ. ಇವತ್ತಿಗೂ ಆ ಅಜ್ಜಿಯ ಮೇಲೆ ನನಗೆ ಗೌರವ.

ಮಗುವಿಗೆ ಹೆಸರಿಡುವ ದಿನಕ್ಕೆ ಅಜ್ಜಿಯೇ ಭಟ್ಟರಿಗೆ ಫೋನ್ ಮಾಡಿಸಿದರು. ಪಾತ್ರೆ ಆ ಹುಡುಗಿಯೇ ತರಬೇಕು, ಅವಳು ಬರದಿದ್ದರೆ ಅಡುಗೆಗೆ ಬೇರೆಯವರನ್ನು ನೋಡುತ್ತೇವೆ. ಭಟ್ಟರು ಜನ ಮಾತಾಡುತ್ತಾರೆ ಎಂದರಂತೆ. ಮಾತಾಡುವವರನ್ನು ನಮ್ಮ ಅಂಗಳಕ್ಕೆ ಕಳಿಸಿ ಎಂದರಂತೆ ಅಜ್ಜಿ.

ಆ ಬೆಳಿಗ್ಗೆ ಅಂಗಳದಲ್ಲಿ ಮತ್ತೆ ಚಪ್ಪರ, ಮತ್ತೆ ಅದೇ ಜನ. ಕಟ್ಟೆಗೆ ಸುಣ್ಣ ಆಗಿತ್ತು. ಬಕೆಟ್‌ನಲ್ಲಿದ್ದ ತುಳಸಿ ಅದರ ಮೇಲೆ ಹೋಗಿ ಹೊಸ ಚಿಗುರು ಬಿಟ್ಟಿತ್ತು. ನಾನು ಅಭ್ಯಾಸಬಲದಿಂದ ಇಳಿದು ಗಾಡಿಯ ಮುಂದೆ ಹೋಗಿ ಕೈ ಎತ್ತಿದೆ.

"ನೀನು ಅಲ್ಲಿಂದ ಆಚೆ ಹೋಗು" ಎಂದಳು ಅಕ್ಕ ಕಿಟಕಿಯಿಂದ. "ನನಗೆ ಯಾರೂ ಬರ್ಲಿ ಬರ್ಲಿ ಹೇಳ್ಬೇಕಂತಿಲ್ಲ."

ನಾನು ಗೇಟಿನ ಹೊರಗೆ ಹೋಗಿ ನಿಂತೆ. ಅವಳು ಗಾಡಿಯನ್ನು ಹಿಮ್ಮುಖವಾಗಿ ಒಳಗೆ ತಂದಳು. ಬೇಕಾದದ್ದಕ್ಕಿಂತ ನಿಧಾನವಾಗಿ ತಂದಳು, ಎಲ್ಲರಿಗೂ ಕಾಣಲಿ ಎಂದೇ. ಕಟ್ಟೆಯ ಹತ್ತಿರ ಬಂದಾಗ ಒಂದು ಗೇಣು ಅಂತರ ಇಟ್ಟು ಸುತ್ತಿದಳು. ರೇಸ್ ಕೊಡಲಿಲ್ಲ. ಇಂಜಿನ್ ತನ್ನಷ್ಟಕ್ಕೆ ಮೆಲ್ಲಗೆ ಗುಡುಗುಡು ಎನ್ನುತ್ತಿತ್ತು. ಅಡುಗೆ ಚಪ್ಪರಕ್ಕೆ ಗಾಡಿಯ ಹಿಂಭಾಗ ತಾಗಿಸಿ ನಿಲ್ಲಿಸಿ ಕೂಗಿದಳು:

"ಎಂತ, ಕ್ಲೀನರ್? ಇಳಿಸ್ತೀಯಾ, ಇಲ್ಲ ಅಲ್ಲೇ ನಿಲ್ತೀಯಾ?"

ಭಟ್ಟರ ಜನ ನಕ್ಕರು. ನಾನು ಹೋಗಿ ಕೊಪ್ಪರಿಗೆಗೆ ಹೆಗಲು ಕೊಟ್ಟೆ.

ಅವಳು ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ನಾನು ಕೇಳಿಲ್ಲ. ಗಾಡಿಯ ಪೆಟ್ಟಿಗೆಯಲ್ಲಿರುವ ಎಲ್ಲ ಬಾಟಲಿಗಳ ಮೇಲೂ ಈಗ ಕಪ್ಪು ಮಾರ್ಕರಿನಲ್ಲಿ ಕನ್ನಡದಲ್ಲಿ ಬರೆದಿದ್ದಾಳೆ: ಬ್ರೇಕ್, ಸ್ಟೇರಿಂಗ್, ಇಂಜಿನ್. ನನಗೋಸ್ಕರವಾ ಎಂದು ಕೇಳಿದ್ದಕ್ಕೆ "ನನಗೋಸ್ಕರ" ಎಂದಳು. ಊರಿನಲ್ಲಿ ಅರ್ಧ ಜನ ಈಗಲೂ ಅವಳೇ ಕಟ್ಟೆ ಮುರಿದದ್ದು ಎನ್ನುತ್ತಾರೆ, ಉಳಿದ ಅರ್ಧ ಜನ ನಾನು ಚಿನ್ನದಂಥ ತಮ್ಮ ಎನ್ನುತ್ತಾರೆ. ಎರಡೂ ಸುಳ್ಳು. ಹಳೆಯ ಪಂಪ್ ನಮ್ಮ ಮನೆಯ ಜಗಲಿಯ ಮೇಲೆ ಉಂಟು. ಒಳಗಿನ ಸೀಲ್ ಇವತ್ತಿಗೂ ಬೆಣ್ಣೆಯ ಹಾಗೆ ಮೆತ್ತಗೆ. ನಂಬಿಕೆ ಇಲ್ಲದವರು ಬಂದು ಬೆರಳಿಟ್ಟು ನೋಡಬಹುದು.